ಮೂವತ್ತೆರಡನೆಯ ತೆನೆ

ಜೂನ್ 3

ಕೋಟೆ ಮಾಮ ಅವರಿಗೆ ನಮಸ್ಕಾರ.

ಹೀಗೆ ಕರೆದದ್ದಕ್ಕೆ ಬೇಜಾರು ಮಾಡ್ಕೋಬೇಡಿ. ಕೋಟೆಯ ಟಿಕೆಟ್ ಕೌಂಟರಿನಲ್ಲಿ ಹಳೇ ಗೈಡ್ ವಿಳಾಸ ಬೇಕು ಅಂದರೆ "ಕೋಟೆ ಮಾಮಂದಾ?" ಅಂತ ಕೇಳಿ, ಚೀಟಿಯಲ್ಲೂ ಹಾಗೇ ಬರೆದುಕೊಟ್ಟರು. ಫೋನು ಮಾಡಿದರೆ ಕಿವಿ ಕೇಳಿಸಲ್ಲ, ಕಾಗದ ಹಾಕಿದರೆ ಓದ್ತಾರೆ ಅಂದರು. ಅದಕ್ಕೇ ಈ ಕಾಗದ.

ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡೋಳು. ಪ್ರತಿ ವರ್ಷ ಹೊಸ ಹುಡುಗ ಹುಡುಗಿಯರಿಗೆ, ಅವರನ್ನು ನೋಡೋಕೆ ಬರೋ ಮನೆಯವರಿಗೆ ಅಂತ ನಮ್ಮಲ್ಲಿ ಒಂದು ಪುಟ್ಟ ಪುಸ್ತಕ ಅಚ್ಚಾಗುತ್ತೆ. ಬೆಳಿಗ್ಗೆ ಬಸ್ಸು ಹತ್ತಿ ಸಂಜೆಯೊಳಗೆ ವಾಪಸ್ ಬರಬಹುದಾದ ಹಳೇ ಕೋಟೆ, ಕೆರೆ, ಕಾಡುದಾರಿ ಇಂಥವೆಲ್ಲ ಅದರಲ್ಲಿ ಇರುತ್ತೆ. ಈ ವರ್ಷ ಅದು ನನ್ನ ಕುತ್ತಿಗೆಗೆ ಬಿದ್ದಿದೆ. ಹಳೇ ಪುಸ್ತಕದಲ್ಲಿ ನಿಮ್ಮ ಬೆಟ್ಟದ ಕೋಟೆಗೆ ನಾಲ್ಕೇ ಸಾಲು: "ಐತಿಹಾಸಿಕ ಸ್ಥಳ. ನೋಟ ಚೆನ್ನಾಗಿದೆ. ನೀರು ಒಯ್ಯಿರಿ. ಟೋಪಿ ಜೋಪಾನ." ಇದನ್ನು ಓದಿ ಯಾರು ತಾನೇ ಬೆಟ್ಟ ಹತ್ತಾರು?

ಅದಕ್ಕೇ ಹಳೇ ವಿದ್ಯಾರ್ಥಿಗಳಿಗೆ ಬರೆದು ನೆನಪು ಕೇಳಿದೆ. ಹನ್ನೊಂದು ಜನ ಉತ್ತರ ಬರೆದರು. ಅದರಲ್ಲಿ ಒಂಬತ್ತು ಜನ ಬರೆದದ್ದು ಒಂದೇ ಸಂಗತಿ, ನೀವು ಹೇಳ್ತಿದ್ದ ಮೀಸೆ ಕಾವಲುಗಾರನ ಕಥೆ. ಕೋಟೆ ಗೋಡೆಯ ತುದಿಯಲ್ಲಿ ಹಲ್ಲು ಜೋಡಿಸಿದ ಹಾಗೆ ನಿಂತಿರೋ ಕಲ್ಲಿನ ತೆನೆಗಳನ್ನ ಅವನು ದಿನಾ ಸಂಜೆ ಎಣಿಸಬೇಕು. ಮೂವತ್ತೆರಡು ಇರಬೇಕು, ಎಣಿಸಿದರೆ ಮೂವತ್ತೊಂದೇ. ಮತ್ತೆ ಮೊದಲಿಂದ ಎಣಿಸ್ತಾನೆ. ಗಾಳಿಗೆ ಮೀಸೆ ಹಾರಿ ಕಣ್ಣಿಗೆ ಬೀಳುತ್ತೆ, ಲೆಕ್ಕ ತಪ್ಪುತ್ತೆ, ಮೀಸೆ ತಗೊಂಡು ಕಿವಿ ಹಿಂದೆ ಗಂಟು ಹಾಕ್ಕೋತಾನೆ. ಓದಿ ನಾನೊಬ್ಬಳೇ ಸ್ಟಾಫ್ ರೂಮಿನಲ್ಲಿ ನಕ್ಕೆ.

ಇದನ್ನು ಹನ್ನೆರಡನೇ ಪುಟದಲ್ಲಿ ಹಾಕೋಣ ಅಂತಿದ್ದೀನಿ. ಆದರೆ ಎರಡು ವಿಷಯ ತಲೆ ಕೊರೀತಿದೆ. ಫೋಟೋದಲ್ಲಿ ಎಣಿಸಿದರೆ ಐವತ್ತಕ್ಕಿಂತ ಜಾಸ್ತಿ ತೆನೆ ಇವೆ, ಕಥೆಯಲ್ಲಿ ಮೂವತ್ತೆರಡು ಯಾಕೆ? ಇನ್ನೊಂದು, ಕಥೆಯ ಕೊನೆ ಒಬ್ಬೊಬ್ಬರು ಒಂದೊಂದು ಥರ ಬರೆದಿದ್ದಾರೆ. ನಿಜವಾದ ಕೊನೆ ಯಾವುದು? ನಿಮಗೆ ಈ ಕಥೆ ಯಾರು ಹೇಳಿದ್ದು?

ಗೇಟಿನಿಂದ ತುದಿಗೆ ಎಷ್ಟು ಹೊತ್ತು, ನೀರು ಎಲ್ಲಿ ಸಿಗುತ್ತೆ ಅಂತಲೂ ತಿಳಿಸಿ.

ಇಂತಿ,
ಇತಿಹಾಸದ ಮೇಡಂ


ಜೂನ್ 11

ಮೇಡಂ ಅವರಿಗೆ ಕೋಟೆ ಮಾಮನ ನಮಸ್ಕಾರ.

ನಿಮ್ಮ ಕಾಗದ ಬಂದಾಗ ಮಗ ಸೈಕಲ್ ಅಂಗಡಿಯಲ್ಲಿ ಟ್ಯೂಬಿಗೆ ತೇಪೆ ಹಾಕ್ತಿದ್ದ. "ಅಪ್ಪಾ, ಕಾಲೇಜಿಂದ ಕಾಗದ, ಏನು ಮಾಡಿದ್ರಿ?" ಅಂದ. ನಲವತ್ತೊಂದು ವರ್ಷ ಆ ಬೆಟ್ಟ ಹತ್ತಿ ಇಳಿದವನು ನಾನು. ಈಗ ಅಂಗಡಿ ಹಿಂದಿನ ರೂಮಿನಲ್ಲಿ ಕೂತು ಕಿಟಕಿಯಿಂದ ಅದನ್ನ ನೋಡೋದು ಒಂದೇ ಕೆಲಸ. ಯಾರಾದರೂ ಏನಾದರೂ ಕೇಳಿದರೆ ಸಾಕು ಅಂತ ಕಾಯ್ತಿರ್ತೀನಿ.

ಗೇಟಿನಿಂದ ತುದಿಗೆ ಐದು ತಿರುವು. ಹುಡುಗರಿಗೆ ನಲವತ್ತು ನಿಮಿಷ, ಮನೆಯವರಿಗೆ ಒಂದು ಗಂಟೆ, ಪ್ರಿನ್ಸಿಪಾಲರಿಗೆ ಅವರು ಎಷ್ಟು ಅಂತಾರೋ ಅಷ್ಟು. ನೀರು ಮೂರನೇ ತಿರುವಿನಲ್ಲಿ ಸಿಗುತ್ತೆ, ನಲ್ಲಿ ಗಟ್ಟಿ, ಎರಡೂ ಕೈಯಲ್ಲಿ ತಿರುಗಿಸಬೇಕು. ಇಳಿಯುವಾಗ ಮಾತಾಡಬಾರದು ಅಂತ ಬರೀರಿ. ಹತ್ತುವಾಗ ಬೀಳೋರು ಕಮ್ಮಿ, ಮಾತಾಡ್ತಾ ಇಳಿಯೋರೇ ಬೀಳೋದು.

ಮೀಸೆಯವನ ಕಥೆ ಹಿಂದಿನವರು ಹೇಳಿದ್ದು. ಯಾವ ಹಿಂದಿನವರು ಅಂತ ಕೇಳಬೇಡಿ, ಅವರೆಲ್ಲ ಇನ್ನೂ ಹಿಂದಕ್ಕೆ ಹೋಗಿದ್ದಾರೆ. ಆಗ ತೆನೆ ಮೂವತ್ತೆರಡೇ ಇತ್ತೇನೋ. ಕೊನೆ ಯಾರಿಗೆ ಬೇಕು ಮೇಡಂ? ಬೆಟ್ಟ ಹತ್ತೋರಿಗೆ ಕಥೆ ನಡೀತಾ ಇದ್ದರೆ ಆಯ್ತು.

ಕೋಟೆ ಮಾಮ


ಜೂನ್ 15

ಕೋಟೆ ಮಾಮ ಅವರಿಗೆ,

ನಲ್ಲಿ ವಿಷಯ ಬರೆದದ್ದಕ್ಕೆ ಥ್ಯಾಂಕ್ಸ್. ಕಥೆ ವಿಷಯದಲ್ಲಿ ಮಾತ್ರ ನೀವು ಅಡ್ಡಗೋಡೆ ಮೇಲೆ ದೀಪ ಇಟ್ಟುಬಿಟ್ಟಿರಿ. ಇತಿಹಾಸದವಳಿಗೆ "ಇತ್ತೇನೋ" ಅಂದರೆ ನಿದ್ದೆ ಬರುತ್ತಾ?

ಈಗ ಇನ್ನೊಂದು ತಮಾಷೆ ಕೇಳಿ. ನಮ್ಮ ಅಮ್ಮ ಮೂವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವರು. ಒಂದು ಅಲ್ಪವಿರಾಮ ಜಾಗ ತಪ್ಪಿ ಕೂತಿದ್ದರೂ ಅವರಿಗೆ ಊಟ ಸೇರಲ್ಲ. ಈಗಲೂ ಮನೆಗೆ ಕೆಲಸ ತರಿಸ್ಕೋತಾರೆ. ಪುಸ್ತಕದ ಕರಡು ಅವರ ಮುಂದಿಟ್ಟೆ. ಹನ್ನೆರಡನೇ ಪುಟ ನೋಡಿದ್ದೇ ಮೀಸೆ ಕಥೆಯ ಮೇಲೆ ಉದ್ದಕ್ಕೂ ಪೆನ್ಸಿಲ್ ಗೆರೆ ಎಳೆದು, ಅಂಚಿನಲ್ಲಿ "ಇದು ನಡೆದಿಲ್ಲ" ಅಂತ ಬರೆದರು.

ಅಮ್ಮ ಓದಿದ್ದೂ ಇದೇ ಕಾಲೇಜಿನಲ್ಲಿ, ಕ್ಲಾಸಿನ ಜೊತೆ ನಿಮ್ಮ ಕೋಟೆಗೆ ಪ್ರವಾಸ ಬಂದವರು. ಆ ಒಂಬತ್ತು ಜನರಲ್ಲಿ ಮೂರು ಜನ ಅಮ್ಮನ ಕ್ಲಾಸಿನವರೇ, ಅವತ್ತು ಜೊತೆಯಲ್ಲೇ ಹತ್ತಿದವರು. ಅಮ್ಮ ಹೇಳೋದು, "ಆ ಗೈಡು ಕಥೆಗಿಥೆ ಏನೂ ಹೇಳಲಿಲ್ಲ. ಪ್ರತಿ ತಿರುವಿನಲ್ಲೂ ನಾನು ಹೋಗಿ ನಿಂತ ಮೇಲೆ ಶುರು ಮಾಡ್ತಿದ್ದರು. ಯಾವ ರಾಜ, ಯಾವ ಇಸವಿ, ಯಾವ ಗಾರೆ, ಅಷ್ಟೇ. ಒಂದು ಮಾತೂ ನಾನು ತಪ್ಪಿಸ್ಕೊಂಡಿಲ್ಲ." ಇಸವಿಗಳನ್ನೂ ಹೇಳಿದರು, ಎಲ್ಲಾ ಸರಿ ಇದೆ. ಮೀಸೆ ಮಾತ್ರ ಇಲ್ಲ.

ಒಂಬತ್ತು ಜನರ ಮಾತಿಗೆ ಒಬ್ಬರ ಮಾತು ನಿಲ್ಲುತ್ತಾ? ನೀವೇ ತೀರ್ಪು ಕೊಡಿ.

ಇತಿಹಾಸದ ಮೇಡಂ


ಜೂನ್ 22

ಮೇಡಂ,

ನಿಮ್ಮ ತಾಯಿ ಯಾವ ವರ್ಷ ಬಂದಿದ್ದರು? ಅವರ ಕೈಯಲ್ಲಿ ಹಸಿರು ಛತ್ರಿ ಇತ್ತಾ? ಸುಮ್ಮನೆ ಕೇಳಿದೆ.

ಕಥೆ ತೆಗೆದುಬಿಡಿ. ಅಮ್ಮನಿಗೆ ಬೇಡ ಅಂದಮೇಲೆ ಯಾಕೆ? ಅದರ ಬದಲು ಎರಡನೇ ತಿರುವಿನಲ್ಲಿ ಒಂದು ಹಳೇ ಬಾವಿ ಇದೆ ನೋಡಿ, ಅದರ ಬಗ್ಗೆ ಎಷ್ಟು ಬೇಕಾದರೂ ಬರೆದು ಕೊಡ್ತೀನಿ. ಮೂವತ್ತಾರು ಮೆಟ್ಟಿಲು. ಎಣಿಸಿ ನೋಡಿದ್ದು, ಇದು ಪಕ್ಕಾ.

ಕೋಟೆ ಮಾಮ


ಜೂನ್ 26

ಕೋಟೆ ಮಾಮ ಅವರಿಗೆ,

ಅಮ್ಮ ಬಂದದ್ದು ನಲವತ್ತು ವರ್ಷದ ಹಿಂದೆ. ಹಸಿರು ಛತ್ರಿ ಇತ್ತಾ ಅಂತ ಕೇಳಿದರೆ, "ಇತ್ತು, ಅವರಿಗೇನಂತೆ?" ಅಂದರು. ನಿಮಗೆ ಹೇಗೆ ಗೊತ್ತು? ಸಾವಿರಾರು ಜನರನ್ನ ಹತ್ತಿಸಿದವರು ಒಂದು ಛತ್ರಿ ನೆನಪಿಟ್ಟುಕೊಂಡಿದ್ದೀರಾ?

ಬಾವಿ ಹಾಕೋಣ. ಆದರೆ ಕಥೆಯ ವಿಷಯ ಈಗ ಪುಸ್ತಕಕ್ಕಷ್ಟೇ ಅಲ್ಲ. ಹೋದ ಸಲ ನಿಮಗೆ ತಮಾಷೆ ಅಂತ ಬರೆದೆ. ನನಗೆ ಅದು ತಮಾಷೆಯಾಗಿ ಉಳಿದಿಲ್ಲ. ನಾಲ್ಕು ತಿಂಗಳಿಂದ ಅಮ್ಮ ಬೀಗದ ಕೈ ಎಲ್ಲೋ ಇಟ್ಟು ಮನೆಯೆಲ್ಲ ಹುಡುಕ್ತಾರೆ. ಎರಡು ಸಲ ಹಾಲು ಉಕ್ಕಿ ಒಲೆ ಆರಿಹೋಗಿತ್ತು. ಡಾಕ್ಟರಿಗೆ ಹೇಳಿದರೆ, ಇಂಥವು ಎಲ್ಲರ ಮನೆಯಲ್ಲೂ ಇದ್ದದ್ದೇ, ಆದರೆ ಹಳೇದು ಏನಾದರೂ ಪೂರ್ತಿ ಅಳಿಸಿಹೋಗಿದ್ದರೆ ಬರೆದಿಟ್ಕೊಳ್ಳಿ, ಪರೀಕ್ಷೆ ಮಾಡೋಣ ಅಂದರು. ಆ ನೋಟ್‌ಬುಕ್ಕಿನಲ್ಲಿ ಬೀಗದ ಕೈ, ಹಾಲು ಎಲ್ಲ ಇದೆ. ಈಗ ಎಲ್ಲಕ್ಕಿಂತ ಮೇಲೆ ನಿಮ್ಮ ಕಥೆ ಇದೆ. ಜೊತೆಗಿದ್ದ ಮೂರೂ ಜನ ಐದು ತಿರುವಿನಲ್ಲೂ ಕೇಳಿದ್ದನ್ನ ಅಮ್ಮ ಒಂದು ತಿರುವಿನಲ್ಲೂ ಕೇಳಿಲ್ಲ ಅಂತಾರೆ. ಮರೆತೆ ಅಂದರೂ ಒಂದು ಥರ. ನಡೆದೇ ಇಲ್ಲ ಅಂತಾರೆ.

ನನಗೆ ಹೆದರಿಕೆ ಆಗಿದೆ. ಒಂದೇ ಸಾಲು ಬರೀರಿ ಸಾಕು. ಆ ದಿನ ಆ ಕಥೆ ಹೇಳಿದ್ದಿರಾ, ಇಲ್ಲವಾ?

ಇಂತಿ ನಿಮ್ಮ,
ಇತಿಹಾಸದ ಮೇಡಂ


ಜುಲೈ 19

ಮಾಮ,

ಇಪ್ಪತ್ತಮೂರು ದಿನ ಕಾದೆ. ಒಂದು ಸಾಲಿಗೆ ಇಷ್ಟು ದಿನ ಬೇಕಾಗಲ್ಲ. ನೀವು ಒಳ್ಳೇವರು, ಮಗಳ ಮುಂದೆ ತಾಯಿಯನ್ನ ಸುಳ್ಳು ಮಾಡೋಕೆ ಮನಸ್ಸು ಬರಲಿಲ್ಲ ಅಂತ ಅರ್ಥ ಮಾಡ್ಕೊಂಡೆ. ನಿಮ್ಮ ಮೌನವನ್ನೇ ಉತ್ತರ ಅಂತ ತಗೊಂಡಿದ್ದೀನಿ.

ಈ ತಿಂಗಳು ಇಪ್ಪತ್ತೊಂಬತ್ತಕ್ಕೆ ಪರೀಕ್ಷೆ ಗೊತ್ತುಮಾಡಿದ್ದೀನಿ. ಅಣ್ಣನ ಹತ್ತಿರ ಮಾತಾಡಿ, ಇನ್ನು ಮನೆಗೆ ಕರಡು ಕಳಿಸಬೇಡಿ ಅಂತ ಅಚ್ಚುಕೂಟಕ್ಕೂ ಹೇಳಿಬಿಟ್ಟೆ. ತಪ್ಪು ಉಳಿದುಹೋದರೆ ಅವರ ಹೆಸರು ಕೆಡೋದು ಬೇಡ ಅಂತ. ಅಮ್ಮ ದಿನಾ ಬೆಳಿಗ್ಗೆ ಕಿಟಕಿ ಹತ್ತಿರದ ಮೇಜಿಗೆ ಬಂದು ಕೂತು ಪೆನ್ಸಿಲ್ ಚೂಪು ಮಾಡ್ತಾರೆ. ನಿನ್ನೆ ನೋಡಿದರೆ ಏಳು ಪೆನ್ಸಿಲ್ ಸಾಲಾಗಿ ಇಟ್ಟಿದ್ದರು, ಎದುರಿಗೆ ಒಂದು ಹಾಳೆಯೂ ಇಲ್ಲ. "ಎಲ್ಲಾದರೂ ಹೊರಗೆ ಹೋಗಿ ಬರೋಣವಾ?" ಅಂದೆ. "ನಾನು ಯಾವತ್ತು ಸುತ್ತಾಡೋಕೆ ಹೋಗಿದ್ದೀನಿ?" ಅಂದರು. ಅದು ನಿಜ. ನಮ್ಮ ಚಿಕ್ಕಂದಿನಲ್ಲಿ ಒಂದು ಕೆರೆದಂಡೆಗೂ ಕರ್ಕೊಂಡು ಹೋದವರಲ್ಲ.

ಬಾವಿಯ ಪುಟ ಮುಗೀತು. ನಿಮಗೆ ತೊಂದರೆ ಕೊಟ್ಟೆ, ಹೊಟ್ಟೆಗೆ ಹಾಕ್ಕೊಳ್ಳಿ.

ಇತಿಹಾಸದ ಮೇಡಂ


ಜುಲೈ 23

ಮಗಳೇ,

ಇನ್ನು ಮೇಡಂ ಅಂದರೆ ನನಗೆ ಬರೆಯೋಕೆ ಆಗಲ್ಲ. ಇದನ್ನು ಮಗನ ಕೈಯಲ್ಲಿ ಕೊಟ್ಟು ಇವತ್ತೇ ಡಬ್ಬಿಗೆ ಹಾಕಿಸ್ತೀನಿ. ಇಪ್ಪತ್ತೊಂಬತ್ತರೊಳಗೆ ನಿಮ್ಮ ಕೈ ಸೇರಲಿ.

ನಿಮ್ಮ ತಾಯಿಯ ನೆನಪು ಅಪ್ಪಟ. ಒಂದು ಅಕ್ಷರ ತಪ್ಪಿಲ್ಲ. ಒಂಬತ್ತು ಜನ ಹೇಳಿದ್ದೂ ನಿಜ, ಅವರೊಬ್ಬರು ಹೇಳಿದ್ದೂ ನಿಜ. ಕಥೆ ಹೇಳಿದ್ದು ಅವರು ಇಲ್ಲದಿದ್ದಾಗ.

ಆ ದಿನ ಪಟ್ಟಿಯಲ್ಲಿ ಮೂವತ್ತೆರಡು ಜನ. ಮೊದಲನೇ ತಿರುವಿನಲ್ಲಿ ನಿಂತು ಎಣಿಸಿದೆ, ಮೂವತ್ತೊಂದು. ವಾಪಸ್ ಇಳಿದು ನೋಡಿದರೆ ಒಂದು ಹುಡುಗಿ ಗೋಡೆ ಹಿಡ್ಕೊಂಡು ನಿಂತಿದೆ. ಹಸಿರು ಛತ್ರಿಯನ್ನೇ ಊರುಗೋಲು ಮಾಡ್ಕೊಂಡಿದೆ. ಉಸಿರು ಸಿಳ್ಳೆ ಹೊಡೀತಿದೆ. ನನ್ನ ನೋಡಿದ ಕೂಡಲೇ ಕಲ್ಲಿನ ಪಾಚಿ ನೋಡೋ ಹಾಗೆ ನಟನೆ ಮಾಡಿತು. ನಾನು ಬಾಯಿ ತೆಗೆಯೋ ಮುಂಚೆಯೇ ಹೇಳಿತು, "ನನಗೋಸ್ಕರ ಯಾರನ್ನೂ ನಿಲ್ಲಿಸಬೇಡಿ. ನಿಲ್ಲಿಸಿದರು ಅಂತ ಗೊತ್ತಾದರೆ ಇಲ್ಲಿಂದಲೇ ವಾಪಸ್ ಹೋಗ್ತೀನಿ." ಹದಿನೆಂಟು ವರ್ಷದ ಹುಡುಗಿ, ಸ್ವರ ನೋಡಿದರೆ ಕಲೆಕ್ಟರದು. ನಾನು ಆಗಲಿ ಅಂದೆ. ಮಾತು ಕೊಟ್ಟೆ.

ಮೇಲೆ ಬಂದರೆ ಹುಡುಗರು ಹೊರಟು ನಿಂತಿದ್ದರು. ಬಿಟ್ಟರೆ ಈ ಮಗು ಒಂದೇ ಹಿಂದೆ ಉಳಿಯುತ್ತೆ. ನಿಲ್ಲಿಸಿದರೆ ಮಾತು ತಪ್ಪಿದ ಹಾಗೆ. ಏನು ಮಾಡಲಿ? "ಈ ಕೋಟೆಯಲ್ಲಿ ಒಬ್ಬ ಕಾವಲುಗಾರ ಇದ್ದ" ಅಂತ ಬಾಯಿಗೆ ಬಂದದ್ದು ಶುರು ಮಾಡಿದೆ. ಮೂವತ್ತೆರಡರಲ್ಲಿ ಒಂದು ಕಮ್ಮಿ ಅನ್ನೋದೇ ನನ್ನ ತಲೆಯಲ್ಲಿ ಸುತ್ತುತಿತ್ತು, ಅದೇ ಕಥೆಯೊಳಗೆ ಬಂತು. ತೆನೆ ಯಾರು ಎಣಿಸಿದ್ದಾರೆ? ಹುಡುಗಿ ಇನ್ನೂ ಬರಲಿಲ್ಲ ಅಂದರೆ ಕಾವಲುಗಾರನಿಗೆ ಲೆಕ್ಕ ತಪ್ಪುತಿತ್ತು, ಮೊದಲಿಂದ ಎಣಿಸ್ತಿದ್ದ. ಛತ್ರಿ ತುದಿ ತಿರುವಿನಲ್ಲಿ ಕಂಡ ತಕ್ಷಣ ನಿಲ್ಲಿಸಿ, "ಸರಿ, ಈಗ ಈ ಗೋಡೆ ಕಟ್ಟಿದ ಇಸವಿ" ಅಂತ ಪಾಠಕ್ಕೆ ಇಳೀತಿದ್ದೆ. ಐದು ತಿರುವಿನಲ್ಲೂ ಅದೇ. ಆಮೇಲಿನ ಗುಂಪುಗಳಿಗೂ ಹೇಳಿದೆ, ಹಿಂದೆ ಬೀಳೋರು ಒಬ್ಬರು ಎಲ್ಲಾ ಗುಂಪಿನಲ್ಲೂ ಇರ್ತಾರೆ. ಆ ಕಥೆಗೆ ಕೊನೆ ಇಲ್ಲ, ಮಗಳೇ. ಕೊನೆಯವರು ಬಂದು ನಿಂತರೆ ಕಥೆ ಮುಗೀತು. ನಿಮಗೆ ಬರೆದವರೆಲ್ಲ ಅವರವರೇ ಒಂದೊಂದು ಕೊನೆ ಹೊಲ್ಕೊಂಡಿದ್ದಾರೆ.

ಮೊದಲು ನಿಮ್ಮ ಕಾಗದ ಬಂದಾಗ, ಪುರಾತತ್ವ ಇಲಾಖೆಯವರು ಕೋಟೆ ಬೋರ್ಡಿನಲ್ಲಿ ಇಲ್ಲದ್ದು ಯಾಕೆ ಹೇಳಿದ್ರಿ ಅಂತ ಕೇಳಿಸ್ತಿದ್ದಾರೇನೋ ಅಂತ ಹೆದರಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ. ಆಮೇಲೆ ಆ ಛತ್ರಿ ಹುಡುಗಿಯೇ ನಿಮ್ಮ ತಾಯಿ ಅಂತ ಗೊತ್ತಾಯ್ತು. ಕೊಟ್ಟ ಮಾತು ಮುರಿದು, ಮುರಿದಿಲ್ಲ ಅನ್ನೋ ಹಾಗೆ ನಡ್ಕೊಂಡವನು ನಾನು. ಈ ವಯಸ್ಸಿನಲ್ಲಿ ಅವರಿಗೆ ಇದು ಗೊತ್ತಾಗಬೇಕಾ ಅಂತ ಇಪ್ಪತ್ತಮೂರು ದಿನ ಪೆನ್ನು ಹಿಡಿದು ಕೂತಿದ್ದೆ. ಏಳು ಪೆನ್ಸಿಲ್ ವಿಷಯ ಓದಿದ ಮೇಲೆ ಕೂರೋಕೆ ಆಗಲಿಲ್ಲ. ನನ್ನ ಮರ್ಯಾದೆ ಹೋಗಲಿ, ಅವರ ಕೆಲಸ ಅವರಿಗೆ ವಾಪಸ್ ಕೊಡಿಸಿ.

ಕೋಟೆ ಮಾಮ


ಜುಲೈ 30

ಮಾಮ,

ನಿಮ್ಮ ಕಾಗದ ಇಪ್ಪತ್ತಾರಕ್ಕೆ ಬಂತು. ಮೊದಲು ನಾನು ಬಚ್ಚಲಮನೆಗೆ ಹೋಗಿ ಬಾಗಿಲು ಹಾಕ್ಕೊಂಡು ಅತ್ತೆ. ಸಾಕ್ಷಿ ಒಂಬತ್ತು, ಆದರೆ ಒಂಬತ್ತೂ ಒಂದೇ ಕಡೆ ನಿಂತು ನೋಡಿದ್ದು ಅನ್ನೋದು ನನಗೆ ಹೊಳೀಲೇ ಇಲ್ಲ. ಕ್ಲಾಸಿನಲ್ಲಿ ಹುಡುಗರಿಗೆ ಇದನ್ನೇ ಪಾಠ ಮಾಡ್ತೀನಿ.

ಆಮೇಲೆ ಕಾಗದ ಅಮ್ಮನ ಕೈಗೇ ಕೊಟ್ಟೆ. ಅವರು ಕರಡು ಓದೋ ಹಾಗೆ ಸಾಲಿನ ಕೆಳಗೆ ಸ್ಕೇಲ್ ಇಟ್ಟು ಓದಿದರು. ಓದಿ ಮಡಚಿಟ್ಟರು. ಮಾರನೇ ದಿನ ಬಟ್ಟೆ ಮಡಚ್ತಾ ಇದ್ದಾಗ ಇದ್ದಕ್ಕಿದ್ದ ಹಾಗೆ, "ಹಾಗಾದರೆ ಅವರು ನಕ್ಕಿದ್ದು ಮೀಸೆಗಾ?" ಅಂದರು.

ನನಗೆ ಅರ್ಥ ಆಗಲಿಲ್ಲ. ಆಗ ಹೇಳಿದರು. ತಿರುವಿನ ಕೆಳಗೆ ಉಸಿರು ಹಿಡ್ಕೊಂಡು ಹತ್ತುವಾಗ ಮೇಲಿಂದ ಇಡೀ ಕ್ಲಾಸು ಗೊಳ್ಳನೆ ನಗೋದು ಕೇಳಿಸ್ತಿತ್ತಂತೆ. ಇವರು ತಿರುವು ದಾಟಿದ ತಕ್ಷಣ ಎಲ್ಲರೂ ಸುಮ್ಮನಾಗಿ ಇವರ ಕಡೆ ತಿರುಗ್ತಿದ್ದರಂತೆ. ಐದು ಸಲ. "ನನ್ನನ್ನೇ ಆಡ್ಕೊಂಡು ನಗ್ತಿದ್ದಾರೆ ಅಂದ್ಕೊಂಡೆ. ನಾನು ಬಂದೆ ಅಂತ ಬಾಯಿ ಮುಚ್ಕೊಂಡರು ಅಂದ್ಕೊಂಡೆ." ಆಮೇಲೆ ಅವರಲ್ಲಿ ಯಾರ ಜೊತೆಗೂ ಕೂರಲಿಲ್ಲವಂತೆ, ಕ್ಲಾಸಿನ ಫೋಟೋಗೂ ಹೋಗಲಿಲ್ಲವಂತೆ. ಆಮೇಲೆ ಜೀವನದಲ್ಲಿ ಯಾರ ಜೊತೆಗೂ ಯಾವ ದಿಣ್ಣೆಯನ್ನೂ ಹತ್ತಲಿಲ್ಲ. ನಾವು ಮಕ್ಕಳು, ಅಮ್ಮನಿಗೆ ತಿರುಗಾಟ ಅಂದರೆ ಇಷ್ಟ ಇಲ್ಲ ಅಂದ್ಕೊಂಡು ಬೆಳೆದೆವು.

ನಿನ್ನೆ ಪರೀಕ್ಷೆ ಆಯ್ತು. ಡಾಕ್ಟರು ಕೇಳಿದ ಪಟ್ಟಿಯನ್ನ ಹಿಂದಿನಿಂದ ಮುಂದಕ್ಕೂ ಹೇಳಿ, ಅವರ ಫಾರಮ್ಮಿನಲ್ಲಿ ಎರಡು ತಪ್ಪು ತೋರಿಸಿ ಬಂದರು. ಬೀಗದ ಕೈ ಇವತ್ತು ಬೆಳಿಗ್ಗೆಯೂ ಕಳೆದಿತ್ತು, ಅದು ಬೇರೆ ಮಾತು. ಅಚ್ಚುಕೂಟಕ್ಕೆ ನಾನೇ ಹೋಗಿ ತಪ್ಪಾಯ್ತು ಅಂದೆ.

ಅಮ್ಮ ಒಂದು ಮಾತು ಬರೆಸಿದ್ದಾರೆ: "ಆ ಕಥೆ ಕೇಳದೇ ಇರೋಳು ನಾನೊಬ್ಬಳೇ. ಬರೆದು ಕಳಿಸಬೇಡಿ ಅಂತ ಹೇಳು. ಬಂದು ಕೇಳ್ತೀನಿ."

ನಿಮ್ಮ ಮಗಳು


ಆಗಸ್ಟ್ 5

ಮಗಳೇ,

ಕಾಗದ ಓದಿ ಎರಡು ದಿನ ಕಿಟಕಿ ಹತ್ತಿರ ಕೂರಲಿಲ್ಲ. ಬೆಟ್ಟ ನೋಡೋಕೆ ನಾಚಿಕೆ ಆಯ್ತು. ನಲವತ್ತು ವರ್ಷ ನನ್ನೊಳಗೇ ಬೆನ್ನು ತಟ್ಕೊಂಡಿದ್ದೆ, ಒಂದು ಹುಡುಗಿಯ ಮಾನ ಉಳಿಸಿದೆ ಅಂತ. ನಗು ಕೆಳಗಿನ ತಿರುವಿಗೂ ಕೇಳಿಸುತ್ತೆ ಅಂತ ಆಗ ಯೋಚನೆ ಮಾಡಲಿಲ್ಲ. ದಿನಾ ಆ ದಾರಿಯಲ್ಲಿ ನಡೆದವನು, ಅಲ್ಲಿ ಪಿಸುಮಾತು ಕೂಡ ಕೆಳಗೆ ಇಳಿಯುತ್ತೆ ಅಂತ ನನಗೆ ಗೊತ್ತಿತ್ತು. ತುಂಬಾ ತಪ್ಪಾಯ್ತು ಅಂತ ಅವರಿಗೆ ಹೇಳಿ. ಬಂದಾಗ ನಾನೂ ಹೇಳ್ತೀನಿ.

ಹದಿನೇಳಕ್ಕೆ ಬನ್ನಿ, ಬಿಸಿಲು ಏರೋ ಮುಂಚೆ. ನನ್ನ ಮಂಡಿ ಈಗ ಎರಡನೇ ತಿರುವಿಗೇ ಸಾಕು ಅನ್ನುತ್ತೆ, ಬಾವಿಕಟ್ಟೆ ಮೇಲೆ ಕೂರೋಣ. ಈ ಸಲ ಮುಂದೆ ಯಾರನ್ನೂ ಕಳಿಸಲ್ಲ. ಮೂರು ಜನವೂ ಕೂತ ಮೇಲೇ ಶುರು ಮಾಡ್ತೀನಿ.

ಕೋಟೆ ಮಾಮ


ಆಗಸ್ಟ್ 20

ಮಾಮ,

ಮಂಡಿ ಹೇಗಿದೆ? ನಾವು ಆರಾಮಾಗಿ ಬಂದು ಸೇರಿದೆವು. ಇಳಿಯುವಾಗ ಮಾತಾಡಬಾರದು ಅಂತ ಪುಸ್ತಕದಲ್ಲಿ ಹಾಕಿಸಿದವರು ನೀವೇ, ಅವತ್ತು ಬಾಯಿ ಮುಚ್ಚದೇ ಇಳಿದವರೂ ನೀವೇ. ಅಮ್ಮ ಇನ್ನೂ ಅದನ್ನೇ ಹೇಳಿ ನಗ್ತಾರೆ. ಬಾವಿಕಟ್ಟೆ ಮೇಲೆ ಅವರು ನಕ್ಕ ನಗು ನಾನು ನಮ್ಮ ಮನೆಯಲ್ಲಿ ಕೇಳಿದ್ದಲ್ಲ. ಮೀಸೆ ಕಿವಿ ಹಿಂದೆ ಗಂಟು ಬಿದ್ದಾಗ ಕೆಮ್ಮು ಬಂದು ನೀರು ಕುಡಿಸಬೇಕಾಯ್ತು. ಆಮೇಲೆ ನೀವು ಹಳೇ ಅಭ್ಯಾಸದಂತೆ ಮೂವತ್ತೊಂದಕ್ಕೆ ನಿಲ್ಲಿಸಿಬಿಟ್ಟಿರಿ. ಕೊನೆ ಏನು ಅಂತ ಅಮ್ಮ ಕೇಳಲಿಲ್ಲ, ನೋಡಿದಿರಾ?

ವಾಪಸ್ ಬರುವಾಗ ಬಸ್ಸಿನಲ್ಲಿ ಹನ್ನೆರಡನೇ ಪುಟದ ಹಳೇ ಕರಡು ಇದೆಯಾ ಅಂದರು. ಬ್ಯಾಗಿನಲ್ಲೇ ಇತ್ತು, ಕೊಟ್ಟೆ. ಅದನ್ನು ಇದರ ಜೊತೆ ಕಳಿಸ್ತಿದ್ದೀನಿ, ನಿಮ್ಮ ಹತ್ತಿರವೇ ಇರಲಿ. ಹೊಡೆದುಹಾಕಿದ ಸಾಲನ್ನ ಉಳಿಸಬೇಕು ಅಂದರೆ ಕರಡು ತಿದ್ದೋರು ಅದರ ಕೆಳಗೆ ಚುಕ್ಕೆ ಇಡ್ತಾ ಹೋಗ್ತಾರೆ. ಬಸ್ಸು ಕುಲುಕ್ತಾ ಇತ್ತು, ಆದರೂ ಒಂದೊಂದು ಪದದ ಕೆಳಗೂ ಚುಕ್ಕೆ ಇಟ್ಟಿದ್ದಾರೆ ನೋಡಿ. ಅಂಚಿನಲ್ಲಿ "ಇದು ನಡೆದಿಲ್ಲ" ಅಂತ ಬರೆದಿದ್ದನ್ನ ರಬ್ಬರಿನಿಂದ ಅಳಿಸಿ, ಅದೇ ಜಾಗದಲ್ಲಿ "ಇರಲಿ" ಅಂತ ಬರೆದಿದ್ದಾರೆ.

ಕಥೆಯ ಕೊನೆಗೆ ಪೆನ್ಸಿಲಿನಲ್ಲಿ ಒಂದು ಸಾಲು ಸೇರಿಸಿದ್ದಾರೆ. ಪುಸ್ತಕದಲ್ಲೂ ಹಾಗೇ ಅಚ್ಚಾಗುತ್ತೆ:

"ಮೂವತ್ತೆರಡನೆಯದು ಅಲ್ಲೇ ಇತ್ತು, ಸ್ವಲ್ಪ ನಿಧಾನವಾಗಿ ಬರ್ತಿತ್ತು."

ನಿಮ್ಮ ಮಗಳು